ಘಾಟಕ್ಕನ ಬಾಣಲೆ

ನನ್ನ ವಾರಗಿತ್ತಿ ಇನ್ನೂ ಬದುಕಿದ್ದಾಳೆ. ಅದಕ್ಕೇ ಇದನ್ನು ಈಗಲೇ ಬರೆಯುತ್ತಿದ್ದೇನೆ. ಅವಳು ಕಣ್ಣು ಮುಚ್ಚಿದ ಮೇಲೆ ಬರೆಯಲು ಕೂತರೆ ನಾಲ್ಕು ಜನರ ಮುಲಾಜಿಗೆ ಎರಡು ಒಳ್ಳೆಯ ಮಾತು ಸೇರಿಸಬೇಕಾಗುತ್ತದೆ, ಅದು ನನ್ನ ಕೈಲಾಗದ ಕೆಲಸ. ಅವಳು ಓದಿಬಿಟ್ಟಾಳು ಎಂಬ ಹೆದರಿಕೆಯೂ ಇಲ್ಲ. ಅಚ್ಚಾದ ಕಾಗದ ಇರುವುದೇ ಪೊಟ್ಟಣ ಕಟ್ಟುವುದಕ್ಕೆ ಎಂದು ನಂಬಿದ ಹೆಂಗಸು ಅವಳು.

ನನ್ನ ಗಂಡನ ಅಣ್ಣನ ಹೆಂಡತಿ. ಬಾಯಲ್ಲಿ ಅಕ್ಕ ಎನ್ನುತ್ತೇನೆ, ಮನಸ್ಸಿನಲ್ಲಿ ಅನ್ನುವುದನ್ನು ಬರೆಯುವಂತಿಲ್ಲ. ಬೀದಿಯವರು ಘಾಟಕ್ಕ ಎನ್ನುತ್ತಾರೆ. ನಮ್ಮದು ಜೀರಿಗೆ ಹುರಿದು ಮಾರುವ ಮನೆ. ಮೇಲೆ ಸಂಸಾರ, ಕೆಳಗೆ ಕೆಲಸ. ಬೀದಿ ಕಡೆಯ ಕೋಣೆಯಲ್ಲಿ ಹಲಗೆಯ ಮೇಲೆ ಮೂಟೆಗಳು, ನಡುವಿನ ಕೋಣೆಯಲ್ಲಿ ಕಡ್ಡಿ ಕಲ್ಲು ಆರಿಸುವ ಮೇಜು ಮತ್ತು ಜರಡಿ, ಹಿಂದಿನ ಕೋಣೆಯಲ್ಲಿ ಬಾಣಲೆ. ಹಿಂದಿನ ಕೋಣೆ ಅವಳದು. ಅದರ ಬಾಗಿಲು ದಾಟಬೇಕಾದರೆ ಗಂಡಸರೂ ಗಂಟಲು ಸರಿಮಾಡಿಕೊಂಡು ನಿಲ್ಲುತ್ತಿದ್ದರು.

ಅವಳ ಕೋಪಕ್ಕೆ ಕಾರಣ ಬೇಕಿರಲಿಲ್ಲ, ಸಿಕ್ಕರೆ ಬಿಡುತ್ತಲೂ ಇರಲಿಲ್ಲ. ಒಮ್ಮೆ ಮೂಟೆ ತರುವವನು ಜೀರಿಗೆಗೆ ಬಣ್ಣ ಹಚ್ಚಿದ ಹುಲ್ಲಿನ ಬೀಜ ಬೆರೆಸಿ ತಂದಿದ್ದ. ಇವಳು ಒಂದು ಹಿಡಿ ತೆಗೆದುಕೊಂಡು ಅವನ ಬಿಳಿ ಅಂಗಿಯ ಎದೆಗೆ ಗಸಗಸ ಉಜ್ಜಿದಳು. ಅಂಗಿ ಇದ್ದಿಲಂತೆ ಕಪ್ಪಾಯಿತು. "ನಿನ್ನ ಮಾಲು ನೀನೇ ಹಾಕ್ಕೊಂಡು ಓಡಾಡು," ಅಂದಳು. ಆ ಮನುಷ್ಯ ಅಂಗಿಯ ಗುಂಡಿ ಬಿಚ್ಚುತ್ತಲೇ ಬೀದಿಗಿಳಿದ. ಜನ ಇದನ್ನು ನೆನೆಸಿಕೊಂಡು ಈಗಲೂ ನಗುತ್ತಾರೆ. ಅಂಥವಳ ಜೊತೆ ಒಂದೇ ಸೂರಿನಡಿ ಬಾಳಿದ್ದರೆ ಅವರಿಗೆ ನಗು ಬರುತ್ತಿರಲಿಲ್ಲ.

ನಾನು ಸೊಸೆಯಾಗಿ ಬಂದ ಮೊದಲ ಬೆಳಿಗ್ಗೆ ತಲೆಗೆ ಪರಿಮಳದ ಎಣ್ಣೆ ಹಚ್ಚಿ, ಹೊಸ ಸೀರೆ ಉಟ್ಟು, ಕೆಲಸ ನೋಡೋಣವೆಂದು ಕೆಳಗಿಳಿದೆ. ಅವಳು ಹಿಂದಿನ ಕೋಣೆಯಲ್ಲಿದ್ದಳು, ನಾನಿನ್ನೂ ಮೆಟ್ಟಿಲ ಮೇಲಿದ್ದೆ. ಅಲ್ಲಿಂದಲೇ ಕೂಗಿದಳು. "ಯಾರದು ಹೂವಿನಂಗಡಿ ಹೊತ್ಕೊಂಡು ಬರ್ತಿರೋದು? ತಲೆ ತೊಳ್ಕೊಂಡು ಬಾ, ಇಲ್ಲಾ ಅಲ್ಲೇ ಇರು." ಮಾವ, ಭಾವ, ಗಂಡ ಎಲ್ಲರ ಎದುರಿಗೆ ನಾನು ವಾಪಸು ಹೋಗಿ ಹಸಿ ತಲೆಯಲ್ಲಿ ಬಂದೆ. ಅವತ್ತೇ ಅವಳನ್ನು ದ್ವೇಷಿಸಲು ಶುರು ಮಾಡಿದೆ. ಆಮೇಲೆ ಅದನ್ನು ನಿಲ್ಲಿಸುವಂಥದ್ದೇನನ್ನೂ ಅವಳು ಮಾಡಲಿಲ್ಲ.

ಅವಳ ಗಂಡ, ನನ್ನ ಭಾವ, ಸಾಧುಪ್ರಾಣಿ. ಮದುವೆಯಾದ ಹೊಸತರಲ್ಲಿ ಹೆಂಡತಿಯ ಮೂಗಿಗೆ ತೊಂದರೆಯೆಂದು ಬೀಡಿ ಬಿಟ್ಟನಂತೆ, ಅದರ ಹಿಂದೆಯೇ ಮಾತೂ ಬಿಟ್ಟನಂತೆ. ತಕ್ಕಡಿ ಹಿಡಿದು, ಎಲ್ಲದಕ್ಕೂ ತಲೆಯಾಡಿಸಿ, ಒಂದು ದಿನ ಯಾರಿಗೂ ತೊಂದರೆ ಕೊಡದೆ ಹೋಗಿಬಿಟ್ಟ. ಅವಳು ಹದಿನೈದು ದಿನ ಬಾಣಲೆ ಮುಟ್ಟಲಿಲ್ಲ. ಆಮೇಲೆ ಮುಟ್ಟಿದಳು, ಮೊದಲಿಗಿಂತ ಜೋರಾದಳು.

ಇಲ್ಲಿ ಬಾಣಲೆಯ ವಿಷಯ ಹೇಳಲೇಬೇಕು. ಜೀರಿಗೆ ಬಿಸಿಯೇರಿದಾಗ ಮೊದಲು ಹಸಿ ಹುಲ್ಲಿನ ವಾಸನೆ, ಆಮೇಲೆ ಬಿಸಿ ಮಣ್ಣಿನ ವಾಸನೆ. ಅದಾದ ಮೇಲೆ ಇದ್ದಕ್ಕಿದ್ದಂತೆ ವಾಸನೆ ಮಗುಚಿಕೊಂಡು, ಸಿಹಿಗೆ ಹತ್ತಿರ ಬಂದು, ಬಾಯಲ್ಲಿ ನೀರೂರಿಸುತ್ತದೆ. ಅದೇ ಹದ. ಆಗ ಇಳಿಸಿದರೆ ಜೀರಿಗೆ, ಮೀನಮೇಷ ಎಣಿಸುತ್ತ ನಿಂತರೆ ಕಹಿ. ಕಣ್ಣನ್ನು ನಂಬಬಾರದು ಎಂದು ಅವಳು ಕಿಟಕಿ ಮುಚ್ಚಿ ಮಬ್ಬಿನಲ್ಲೇ ಹುರಿಯುತ್ತಿದ್ದಳು. ಬಣ್ಣ ನೋಡಿ ಹುರಿಯುವವರನ್ನು ಕಂಡರೆ ಅವಳಿಗೆ ತಾತ್ಸಾರ. ಬಾಣಲೆ ಉರಿಯ ಮೇಲಿದ್ದಾಗ ಯಾರೂ ಮಾತಾಡಬಾರದು, ಮೇಲೆ ಈರುಳ್ಳಿ ಬಾಡಿಸಬಾರದು, ನೆಗಡಿಯಾದವರು ಆ ಕೋಣೆಯ ಹೊಸಿಲು ತುಳಿಯಬಾರದು. ಇವು ನಮ್ಮ ಮನೆಯ ಕಾನೂನುಗಳು. ಬೇಕರಿಯವರು, ದೊಡ್ಡ ಹೋಟೆಲಿನವರು, ಚೀಸ್ ಮಾಡುವ ಇಬ್ಬರು ಅವಳ ಕೈಯ ಜೀರಿಗೆಯೇ ಬೇಕೆಂದು ಬಾಗಿಲಿಗೆ ಬರುತ್ತಿದ್ದರು.

ನನ್ನ ಗಂಡನಿಗೆ ಮಾತ್ರ ಡ್ರಮ್ಮಿನ ಹುಚ್ಚು ಹಿಡಿದಿತ್ತು. ಕರೆಂಟಿನಲ್ಲಿ ತಿರುಗುವ ಡ್ರಮ್ಮು, ಬಿಸಿ ತೋರಿಸುವ ಮುಳ್ಳು, ಆಯಿತು ಎನ್ನಲು ಗಂಟೆ. ಅದರ ಚಿತ್ರವನ್ನು ಫೋನಿನಲ್ಲಿಟ್ಟುಕೊಂಡು ಆಗಾಗ ನೋಡುತ್ತಿದ್ದ, ನನ್ನ ಕಡೆ ಅಷ್ಟು ಪ್ರೀತಿಯಿಂದ ನೋಡಿದ್ದು ನನಗೆ ನೆನಪಿಲ್ಲ. "ಆ ಡಬ್ಬ ಈ ಮನೆಗೆ ಬಂದ ದಿನ ನಾನು ಬಾಣಲೆ ಕವುಚಿ ಮೂಲೇಲಿ ಕೂರ್ತೀನಿ," ಎನ್ನುತ್ತಿದ್ದಳು ಅವಳು. ಅದು ಬರಿಯ ಬೆದರಿಕೆಯಲ್ಲ. ಗಂಡ ಹೋದವಳು, ಮಕ್ಕಳಿಲ್ಲ, ಮಾವ ಹೋದ ಮೇಲೆ ಮನೆ ಇರುವುದು ನನ್ನ ಗಂಡನ ಹೆಸರಿನಲ್ಲಿ. ಬಾಣಲೆ ಇರುವವರೆಗೆ ಅವಳು ಈ ಮನೆಯ ಹಿರಿಯಳು, ಬಾಣಲೆ ಹೋದರೆ ಊಟಕ್ಕೆ ಕೂರುವ ಇನ್ನೊಂದು ಬಾಯಿ. ಇದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ನನಗೆ ಆ ಕೋಣೆ ಬೇಕಿತ್ತು. ಮುಚ್ಚುಮರೆ ಏಕೆ? ವರ್ಷಗಟ್ಟಲೆ ನಡುಕೋಣೆಯಲ್ಲಿ ಕೂತು ಕಡ್ಡಿ ಆರಿಸಿದ್ದೇನೆ. ಮುಚ್ಚಿದ ಬಾಗಿಲಿನ ಸಂದಿಯಿಂದ ಬರುವ ವಾಸನೆ ಹಿಡಿದು, ಈಗ ಇಳಿಸುತ್ತಾಳೆ ಎಂದು ನಾನು ಎಣಿಸುವುದಕ್ಕೂ ಒಳಗೆ ಬಾಣಲೆ ಟಣ್ ಎನ್ನುವುದಕ್ಕೂ ಸರಿಹೋಗುತ್ತಿತ್ತು. ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. "ಅಕ್ಕ, ನನಗೂ ಒಂದ್ಸಲ ಕೊಡಿ, ಹುರಿದು ನೋಡ್ತೀನಿ." ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಹಾಲು ಕಾಯಿಸು, ಸಾಕು," ಅಂದಳು. ಅದರ ಹಿಂದಿನ ದಿನವಷ್ಟೇ ನಾನು ಹಾಲು ಉಕ್ಕಿಸಿದ್ದೆ.

ಒಂದು ಚಳಿಗಾಲ ಮನೆಗೆಲ್ಲ ಜ್ವರ ಬಂತು. ಎಲ್ಲರೂ ಮಲಗಿ ಎದ್ದೆವು. ಕೊನೆಗೆ ಎದ್ದವಳು ಅವಳು. ಎದ್ದ ಮೇಲೆ ಊಟದ ಮುಂದೆ ಕೂತು ತಟ್ಟೆಯನ್ನು ದುರುಗುಟ್ಟಿಕೊಂಡು ನೋಡಿ, ನಾಲ್ಕು ತುತ್ತು ತಿಂದು ಎದ್ದುಬಿಡುತ್ತಿದ್ದಳು. ನನ್ನ ಅಡುಗೆಗೆ ಹೊಸ ಬಗೆಯ ಅವಮಾನ ಎಂದುಕೊಂಡೆ. ಅದಾಗಿ ಸ್ವಲ್ಪ ದಿನಕ್ಕೆ, ಮೂಟೆ ಬಿಚ್ಚಿದ ಬೆಳಿಗ್ಗೆ, ಹಿಂದಿನ ಕೋಣೆಯ ಬಾಗಿಲು ತೆರೆದು ನನ್ನ ಕಡೆ ಬೆರಳು ಮಾಡಿದಳು.

"ಬಾ ಒಳಗೆ. ಅಲ್ಲಿ ಎದುರಿಗೆ ನಿಂತ್ಕೊ."

ಕೊನೆಗೂ ಕಲಿಸುತ್ತಾಳೆ ಎಂದು ಖುಷಿಪಟ್ಟೆ. ಕಲಿಸುವುದೆಲ್ಲಿ ಬಂತು. ಬಾಣಲೆಯ ಆ ಕಡೆ ಅವಳು, ಈ ಕಡೆ ನಾನು. ನಾನು ಬಾಣಲೆಯತ್ತ ಬಗ್ಗಿದರೆ "ಮುಖ ಎತ್ತು" ಎನ್ನುವಂತೆ ಸಟ್ಟುಗ ಆಡಿಸುತ್ತಿದ್ದಳು, ಪಕ್ಕಕ್ಕೆ ತಿರುಗಿದರೆ ಸಟ್ಟುಗದಿಂದ ಬಾಣಲೆಯ ಅಂಚಿಗೆ ಕುಟ್ಟುತ್ತಿದ್ದಳು. ಕೈ ತನ್ನ ಪಾಡಿಗೆ ತಿರುವುತ್ತಿತ್ತು, ಕಣ್ಣು ನನ್ನ ಮುಖದ ಮೇಲೆ. ಹದಕ್ಕೆ ಸರಿಯಾಗಿ ಇಳಿಸಿ, "ಹೋಗು, ನಿನ್ನ ಜರಡಿ ನೋಡ್ಕೊ," ಎಂದು ಅಟ್ಟುತ್ತಿದ್ದಳು. ಪ್ರತಿ ಸಲವೂ ಇಷ್ಟೇ. ಆಸೆ ತೋರಿಸಿ ಸತಾಯಿಸುವುದಕ್ಕೆ ಕರೆಯುತ್ತಾಳೆ ಎಂದು ನಾನು ಹಲ್ಲು ಕಡಿದುಕೊಂಡು ನಿಲ್ಲುತ್ತಿದ್ದೆ. ಆದರೂ ಒಂದು ಸಲವೂ ತಪ್ಪಿಸಲಿಲ್ಲ. ಬಾಗಿಲ ಆಚೆ ಕೂರುವುದಕ್ಕಿಂತ ಒಳಗೆ ಬೈಸಿಕೊಂಡು ನಿಲ್ಲುವುದು ಮೇಲು ಅನ್ನಿಸಿತ್ತು.

ಹೀಗಿರುವಾಗ ನನಗೆ ನೆಗಡಿಯಾಯಿತು. ಮೂಗು ಎರಡೂ ಕಡೆ ಕಟ್ಟಿ, ಬಾಯಲ್ಲಿ ಉಸಿರಾಡುವ ಸ್ಥಿತಿ. ಹೇಳಿದರೆ ಕೋಣೆಯಿಂದ ಆಚೆ ಹಾಕುತ್ತಾಳೆ, ಆಮೇಲೆ ಮತ್ತೆ ಕರೆಯುತ್ತಾಳೆಂಬ ಭರವಸೆಯಿಲ್ಲ. ಮೇಲೇ ಮೂಗು ಸೀಟಿಕೊಂಡು, ಮುಖ ತೊಳೆದು, ಏನೂ ಆಗಿಲ್ಲದವಳ ಹಾಗೆ ಹೋಗಿ ನಿಂತೆ. ಅವಳು ಬಾಣಲೆ ಇಟ್ಟಳು. ತಿರುವಿದಳು. ನನ್ನನ್ನು ನೋಡುತ್ತಲೇ ಇದ್ದಳು. ನಾನೂ ಅವಳನ್ನು ನೋಡುತ್ತ ನಿಂತೆ. ಇವತ್ತೇಕೆ ಇಷ್ಟು ಹೊತ್ತು ಎಂದು ನನಗೆ ಅನ್ನಿಸಿತು. ಅವಳಿಗೂ ಅನ್ನಿಸಿರಬೇಕು, ಕಣ್ಣು ಕಿರಿದು ಮಾಡಿ ಇನ್ನಷ್ಟು ಮುಂದೆ ಬಾಗಿ ನೋಡಿದಳು. ಮೆಟ್ಟಿಲ ಮೇಲೆ ದಡದಡ ಸದ್ದಾಗಿ ನನ್ನ ಗಂಡ ಬಾಗಿಲು ತಳ್ಳಿಕೊಂಡು ಬಂದ.

"ಏನ್ ಮಾಡ್ತಿದ್ದೀರಿ ಇಬ್ರೂ? ಸುಟ್ಟ ವಾಸನೆ ಬೀದಿ ತುಂಬಾ ಹೊಡೀತಿದೆ."

ಬಾಗಿಲಿನಿಂದ ಬಿದ್ದ ಬೆಳಕಿನಲ್ಲಿ ನೋಡಿದರೆ ಬಾಣಲೆಯ ತುಂಬ ಕರಿ ಇದ್ದಿಲು. ಹೊಗೆ ಮೇಲಿನ ತಗಡಿನ ಹೊಗೆಗೂಡಿಗೆ ಸರಾಗವಾಗಿ ಹೋಗುತ್ತಿತ್ತು. ಅದರ ಎರಡು ಬದಿಗೆ ನಾವಿಬ್ಬರು ಗೊಂಬೆಗಳ ಹಾಗೆ ಮುಖಕ್ಕೆ ಮುಖ ಕೊಟ್ಟು ನಿಂತಿದ್ದೆವು.

"ನಿನ್ನ ಹೆಂಡತಿ ಮಾತಿಗೆ ಎಳೆದಳು," ಅಂದಳು ಅವಳು, ಒಂದು ಕ್ಷಣವೂ ತಡೆಯದೆ. "ಗಮನ ತಪ್ಪಿತು."

ನಾನು ತುಟಿ ಎರಡು ಮಾಡಿರಲಿಲ್ಲ. ಗಂಡ ನನ್ನನ್ನು ನುಂಗುವ ಹಾಗೆ ನೋಡಿ, ಬೀದಿಯವರಿಗೆ ಸಮಾಧಾನ ಹೇಳಲು ಹೋದ. ಆಗ ನನ್ನ ತಲೆಯಲ್ಲಿ ಒಂದೊಂದಾಗಿ ಕೂಡಿಕೊಂಡಿತು. ಮೆಟ್ಟಿಲ ಮೇಲಿದ್ದ ನನ್ನ ತಲೆಯೆಣ್ಣೆಯ ವಾಸನೆಯನ್ನು ಹಿಂದಿನ ಕೋಣೆಯಿಂದಲೇ ಹಿಡಿದ ಮೂಗು ಅದು. ಅಂಥ ಮೂಗಿನ ಕೆಳಗೇ ಒಂದು ಬಾಣಲೆ ಜೀರಿಗೆ ಉರಿದುಹೋಗಿದೆ. ಜ್ವರ ಬಿಟ್ಟಾಗಿನಿಂದ ಅವಳು ಹುರಿಯುತ್ತಿದ್ದದ್ದು ನನ್ನ ಮುಖ ನೋಡಿಕೊಂಡು. ಯಾವತ್ತೂ ಬಹುವಚನ ಬಿಡದವಳು ಅವತ್ತು ಏಕವಚನಕ್ಕೆ ಇಳಿದೆ.

"ನಿನಗೆ ವಾಸನೆ ಬರಲ್ಲ."

"ನಿನಗೂ ಬರಲಿಲ್ಲವಲ್ಲ."

"ನನಗೆ ನೆಗಡಿ. ನಾಳೆ ಹೋಗುತ್ತೆ. ನಿನ್ನದು?"

ಅವಳು ಸಟ್ಟುಗ ಕೆಳಗಿಟ್ಟಳು. "ನೆಗಡಿ ಇಟ್ಕೊಂಡು ನನ್ನ ಕೋಣೆಗೆ ಬಂದೆಯಾ?" ಅಂದಳು. ತಾನು ಸಿಕ್ಕಿಬಿದ್ದದ್ದಕ್ಕಿಂತ ನಾನು ಕಾನೂನು ಮುರಿದದ್ದು ದೊಡ್ಡದಾಗಿತ್ತು ಅವಳಿಗೆ. "ಹದ ಬಂದಾಗ ನಿನ್ನ ಹುಬ್ಬು ಸಡಿಲ ಆಗುತ್ತೆ. ಅಷ್ಟೇ ನಿನ್ನಿಂದ ನನಗೆ ಬೇಕಾದ್ದು. ಹೋಗು, ಗಂಡನಿಗೆ ಊದು. ಡಬ್ಬ ತರಲಿ."

ಆಗ ನಾನು ಒಂದು ಮಾತು ಅಂದೆ. "ನಾನ್ಯಾಕೆ ಹೇಳಲಿ? ನಿನ್ನ ಬಾಣಲೆ ಈಗ ನನ್ನ ಮುಖದಲ್ಲಿದೆ. ನೆನಪಿಟ್ಕೊ." ಅಂದು, ಬಾಗಿಲು ಎಳೆದುಕೊಂಡು ಬಂದೆ. ಇಷ್ಟು ವರ್ಷದಲ್ಲಿ ಕೊನೆಯ ಮಾತು ನನ್ನದಾದದ್ದು ಅದೊಂದೇ ಸಲ, ಹೊಟ್ಟೆ ತಣ್ಣಗಾಯಿತು.

ಸುಟ್ಟ ಸುದ್ದಿ ಬೇಕರಿಯವನ ಕಿವಿಗೂ ಬಿತ್ತು. ನಮ್ಮ ದೊಡ್ಡ ಗಿರಾಕಿ ಅವನು. ಅವನು ಬಂದು ಕೂತಾಗ ನನ್ನ ಗಂಡ ಅವಕಾಶ ಬಿಡಲಿಲ್ಲ. "ಅತ್ತಿಗೆ, ಬರೋ ವಾರ ಹೊಸ ಮೂಟೆ ಬರುತ್ತೆ. ಇವರ ಮುಂದೆ ಒಂದು ಬಾಣಲೆ ಹುರೀರಿ. ಸರಿ ಬಂತೋ, ಡ್ರಮ್ಮಿನ ಮಾತು ನಾನು ಇನ್ನು ಎತ್ತಲ್ಲ. ಕೆಟ್ಟಿತೋ, ಮಾರನೇ ದಿನ ತರ್ತೀನಿ. ಇವಳು ಒಳಗೆ ಬೇಡ, ಮಾತಾಡಿಸ್ತಾಳೆ ಅಂದ್ರಲ್ಲ."

"ಇರ್ಲಿ," ಅಂದಳು ಅವಳು, ನನ್ನ ಕಡೆ ನೋಡದೆ. "ಎದುರಿಗೆ ನಿಂತಿರ್ಲಿ. ಬಾಯಿ ಹೊಲ್ಕೊಂಡು."

ಆ ವಾರವೆಲ್ಲ ನಾನು ಜರಡಿ ಆಡಿಸುತ್ತ ಯೋಚಿಸಿದೆ. ಹುಬ್ಬನ್ನು ಒಂದು ಉಸಿರಿನಷ್ಟು ಬೇಗ ಸಡಿಲ ಬಿಟ್ಟರೆ ಸಾಕು, ಹಸಿ ಜೀರಿಗೆ ಇಳಿಸಿ ನಗೆಪಾಟಲಾಗುತ್ತಾಳೆ. ಒಂದು ಉಸಿರು ತಡ ಮಾಡಿದರೆ ಕಹಿ. ಕನ್ನಡಿಯ ಮುಂದೆ ನಿಂತು ಎರಡನ್ನೂ ಮಾಡಿ ನೋಡಿದೆ. ಸುಳ್ಳೇಕೆ ಹೇಳಲಿ, ಅದರಲ್ಲಿ ಬಹಳ ಸುಖವಿತ್ತು. ಅವಳು ನನ್ನ ಹತ್ತಿರ ಒಂದು ಮಾತು ಕೇಳಿಕೊಳ್ಳಲಿಲ್ಲ. ಎದುರಾದಾಗಲೆಲ್ಲ ನನ್ನ ಮೂಗಿನತ್ತ ಒಮ್ಮೆ ನೋಡುತ್ತಿದ್ದಳು, ನೆಗಡಿ ಇಳಿದಿದೆಯೇ ಎಂದು. ಅಷ್ಟೇ.

ಆ ದಿನ ಬಂತು. ಮಬ್ಬುಗತ್ತಲ ಕೋಣೆಯಲ್ಲಿ ಬಾಗಿಲ ಪಕ್ಕ ಗಂಡ ಮತ್ತು ಬೇಕರಿಯವನು, ಬಾಣಲೆಯ ಈ ಕಡೆ ನಾನು, ಆ ಕಡೆ ಅವಳು. ಜೀರಿಗೆ ಸುರಿದಳು. ಹಸಿ ಹುಲ್ಲಿನ ವಾಸನೆ ಬಂತು. ಅಲ್ಲಿಯವರೆಗೂ ನಾನು ಏನು ಮಾಡಬೇಕೆಂದು ತೀರ್ಮಾನಿಸಿರಲಿಲ್ಲ. ಅವಳು ತಲೆಯೆತ್ತಿ ನನ್ನನ್ನು ನೋಡಿದಾಗ ತೀರ್ಮಾನವಾಯಿತು. ಕರುಣೆಯಲ್ಲ, ಅದನ್ನು ನನ್ನ ತಲೆಗೆ ಕಟ್ಟಬೇಡಿ. ಆ ಮನೆಯಲ್ಲಿ ನನ್ನ ಮುಖ ನೋಡಿ ಒಂದು ಕೆಲಸ ಮಾಡಿದವರು ಅವಳೊಬ್ಬಳೇ. ಗಂಡ ನನ್ನ ಮುಖ ನೋಡಿ ಚಹಾ ಬೇಕೆಂದು ಕೂಡ ಕೇಳಿದವನಲ್ಲ. ನಾನು ಮೂಗಿನ ಆಳದವರೆಗೆ ಉಸಿರೆಳೆದುಕೊಂಡು ನಿಂತೆ, ನಿಜವನ್ನೇ ಹೇಳುತ್ತೇನೆಂದು.

ಮಣ್ಣಿನ ವಾಸನೆ ಬಂತು, ಹೋಯಿತು. ವಾಸನೆ ಮಗುಚಿತು. ನನ್ನ ಬಾಯಲ್ಲಿ ನೀರೂರಿತು. ನಾನು ಹುಬ್ಬು ಸಡಿಲ ಬಿಟ್ಟೆ.

ಅವಳು ನೋಡಿದಳು. ಚೆನ್ನಾಗಿಯೇ ನೋಡಿದಳು. ತುಟಿಯ ಒಂದು ಕೊನೆ ಮೇಲೆ ಹೋಯಿತು. ಕೈ ತಿರುವುವುದನ್ನು ನಿಲ್ಲಿಸಲಿಲ್ಲ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಬೇಗ ಇಳಿಸಲು ಹೇಳಿ ಮೋಸ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ನಾನು ಅವಳ ಜಾಗದಲ್ಲಿದ್ದಿದ್ದರೆ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಕಣ್ಣರಳಿಸಿದೆ. ತಲೆಯನ್ನು ಕೂದಲೆಳೆಯಷ್ಟು ಆಡಿಸಿದೆ. ಅದು ಅವಳಿಗೆ ಇನ್ನಷ್ಟು ನಾಟಕವಾಗಿ ಕಂಡಿತು. ಗೊತ್ತಿಲ್ಲದೆ ನಿಂತಿದ್ದಾಗ ನನ್ನ ಮುಖ ನಿಜ ಹೇಳುತ್ತಿತ್ತು. ಗೊತ್ತಾದ ಮೇಲೆ ನಿಜ ಹೇಳಿದರೂ ಸುಳ್ಳಿನ ಹಾಗೆಯೇ ಕಾಣುತ್ತಿತ್ತೋ ಏನೋ. "ಇಳಿಸು" ಎಂದು ಒಂದು ಮಾತು ಅಂದುಬಿಡಬಹುದಿತ್ತು. ಅಂದಿದ್ದರೆ ಅವಳಿಗೆ ಮೂಗಿಲ್ಲವೆಂದು ಆ ಇಬ್ಬರು ಗಂಡಸರಿಗೆ ಅಲ್ಲೇ ತಿಳಿಯುತ್ತಿತ್ತು, ಬಾಣಲೆ ಹೇಗೂ ಹೋಗುತ್ತಿತ್ತು. ಅನ್ನದಿದ್ದರೂ ಹೋಗುತ್ತಿತ್ತು. ನಾನು ತುಟಿ ಕಚ್ಚಿಕೊಂಡು ಅವಳನ್ನೇ ನೋಡುತ್ತ ನಿಂತೆ. ವಾಸನೆ ಹಿಂದಕ್ಕೆ ಸರಿದು ಕಹಿ ಮೇಲೆ ಬಂತು. ಗಂಟಲು ಕೆರೆಯಿತು.

ಬೇಕರಿಯವನು ಮೆಲ್ಲಗೆ ಕೆಮ್ಮಿದ. "ಅಮ್ಮಾ," ಅಂದ, "ಆಗಿದೆ ಅನ್ಸುತ್ತೆ."

ಬಾಣಲೆ ಉರಿಯ ಮೇಲಿದ್ದಾಗ ಆ ಕೋಣೆಯಲ್ಲಿ ಹೊರಗಿನವನೊಬ್ಬ ಮಾತಾಡಿದ್ದು ಅದೇ ಮೊದಲು. ಅವಳು ಬಾಣಲೆ ಇಳಿಸಿದಳು. ಒಂದು ಕಾಳು ಬಾಯಿಗೆ ಹಾಕಿಕೊಂಡಳು, ನಾಲಿಗೆಗೆ ಅಷ್ಟು ಕಹಿ ಹತ್ತಿರಬೇಕು. ಯಾರನ್ನೂ ಬೈಯಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಮೇಲೆ ಹೋದಳು. "ವಯಸ್ಸಾಯ್ತು, ಪಾಪ," ಅಂದ ನನ್ನ ಗಂಡ, ಫೋನು ಹೊರಗೆ ತೆಗೆಯುತ್ತ.

ಡ್ರಮ್ಮು ಬಂತು. ಗುಂಯ್ ಎಂದು ತಿರುಗುತ್ತದೆ, ಗಂಟೆ ಹೊಡೆಯುತ್ತದೆ, ಹದ ತಪ್ಪುವುದಿಲ್ಲ, ಹದ ಬರುವುದೂ ಇಲ್ಲ. ಚೀಸ್ ಮಾಡುವ ಇಬ್ಬರೂ ಬೇರೆ ಕಡೆ ಹೋದರು, ಬೇಕರಿಯವನು ಉಳಿದ. ಕಿಟಕಿ ತೆಗೆದ ಹಿಂದಿನ ಕೋಣೆಯಲ್ಲಿ ಈಗ ಯಾರು ಬೇಕಾದರೂ ಓಡಾಡಬಹುದು. ನನಗೆ ಅಲ್ಲಿ ಕೆಲಸವಿಲ್ಲ. ಅವಳು ನಡುಕೋಣೆಗೆ ಬಂದು ನನ್ನ ಮೇಜಿನ ಇನ್ನೊಂದು ತುದಿಯಲ್ಲಿ ಕೂತಳು, ಕಡ್ಡಿ ಆರಿಸಲು. ನಾನು ಆರಿಸಿದ್ದನ್ನು ಮತ್ತೆ ಆರಿಸಿ, ಸಿಕ್ಕ ಕಲ್ಲನ್ನು ನನ್ನ ಮುಂದೆ ಎತ್ತಿಡುತ್ತಾಳೆ. ಊಟ ಮಾತ್ರ ಬರಬರುತ್ತ ಕಡಿಮೆಯಾಯಿತು. ತಟ್ಟೆ ಇಟ್ಟರೆ ಅಂಚು ಕೆದಕಿ ಎದ್ದು ಹೋಗುವಳು. ರವಿಕೆಯ ತೋಳು ಸಡಿಲವಾಗಿ ಜೋತುಬಿತ್ತು. ಡಾಕ್ಟರನ್ನು ಕರೆಸಿದರೆ ಅವರನ್ನೂ ಬೈದು ಕಳಿಸಿದಳು.

ಮೊನ್ನೆ ಮಧ್ಯಾಹ್ನ ನಾವಿಬ್ಬರೇ ಊಟಕ್ಕೆ ಕೂತಿದ್ದೆವು. ಅವಳು ತಟ್ಟೆಯಿಂದ ತಲೆಯೆತ್ತದೆ ಕೇಳಿದಳು.

"ಅವತ್ತು ನಿನ್ನ ಹುಬ್ಬು ನಿಜ ಹೇಳ್ತಿತ್ತಾ?"

ಇಷ್ಟು ತಿಂಗಳು ಅವಳು ಕಲ್ಲು ಕಡ್ಡಿಯ ನಡುವೆ ಆರಿಸುತ್ತಿದ್ದದ್ದು ಇದನ್ನೇ ಎಂದು ಗೊತ್ತಾಯಿತು. ಹೌದು ಎಂದರೆ ಮುಗಿಯಿತು. ಆ ಬಾಣಲೆಯನ್ನು ಕಿತ್ತುಕೊಂಡದ್ದು ನಾನಲ್ಲ, ನನ್ನ ಗಂಡನಲ್ಲ, ಜ್ವರವೂ ಅಲ್ಲ. ನೀನೇ, ನಿನ್ನ ಅನುಮಾನವೇ ಎಂದು ಒಂದೇ ಮಾತಿನಲ್ಲಿ ಹೇಳಿದಂತೆ. ಅವಳಿಗೆ ಹೇಳಬೇಕೆಂದು ನಾನು ಇಷ್ಟು ವರ್ಷ ಕೂಡಿಟ್ಟ ಮಾತುಗಳಲ್ಲಿ ಅದರಷ್ಟು ಹರಿತವಾದದ್ದು ಬೇರೆ ಇರಲಿಲ್ಲ. ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಇಲ್ಲ," ಅಂದೆ. "ಬೇಕಂತಲೇ ಬೇಗ ಬಿಟ್ಟೆ. ಹಸಿ ಇಳಿಸ್ಲಿ ಅಂತ."

"ನನಗೆ ಗೊತ್ತಿತ್ತು," ಅಂದಳು ಅವಳು. ಬೆನ್ನು ನೆಟ್ಟಗಾಯಿತು. "ಅವತ್ತೇ ಗೊತ್ತಿತ್ತು. ಮನೆಹಾಳಿ."

ಆಮೇಲೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಉಪ್ಪಿಲ್ಲ ಖಾರವಿಲ್ಲ ಎಂದು ನನ್ನನ್ನು ಬೈಯುತ್ತ ಬೈಯುತ್ತ, ಬಡಿಸಿದ್ದನ್ನೆಲ್ಲ ತಿಂದಳು.